ಬಾಟಲಿಯನ್ನು ತಲೆಕೆಳಗು ಹಿಡಿದು ನೋಡುವುದು

ಹೋದ ತಿಂಗಳಿಂದ ಮುಳಬಾಗಿಲಿನ ನಮ್ಮ ಔಷಧದಂಗಡಿಯ ಎಡಗಡೆ ಕೌಂಟರಿನಲ್ಲಿ ಸುಮಾ ಕೂರುತ್ತಿದ್ದಾಳೆ. ಡಿ.ಫಾರ್ಮ ಓದಿದ ಹುಡುಗಿ, ಹೋಳೂರಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಮೊದಲನೇ ದಿನವೇ ನೋಟ್‌ಬುಕ್ ತೆರೆದು, “ಆಂಟಿ, ಗ್ಯಾಸ್ ಆಗೋ ಮಗೂಗೆ, ಕುಡಿದಿದ್ದೆಲ್ಲ ಕಕ್ಕೋ ಮಗೂಗೆ ಯಾವ ಬಾಟ್ಲು ಕೊಡ್ಬೇಕು? ಹೆಸರು ಹೇಳಿ, ಬರ್ಕೊಂಡ್ಬಿಡ್ತೀನಿ” ಎಂದಳು. ಇಪ್ಪತ್ತೆರಡು ವರ್ಷ ಆ ಕೌಂಟರಿನ ಹಿಂದೆ ಕೂತ ನನಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಲೇ ಇದ್ದಳು. ಕೊನೆಗೆ “ಬರೆದು ಕೊಡ್ತೀನಮ್ಮ” ಎಂದೆ. ಬರೆದದ್ದು ಇದು. ಹೆಸರು ಇದರಲ್ಲೂ ಇಲ್ಲ.

ಮುಖ್ಯವಾಗಿ ಹೇಳಬೇಕಾದ್ದು ಭಾಗ್ಯಳ ಮಗುವಿನ ವಿಷಯ. ನಾನು ಯೋಚಿಸಿ ಯೋಚಿಸಿ ಆರಿಸಿಕೊಟ್ಟ ಮೂರು ಬಾಟಲಿಗಳಲ್ಲಿ ಹಾಲು ಕುಡಿದೂ ಆ ಕೂಸಿನ ತೂಕ ಏರಲಿಲ್ಲ, ಅದರ ತಪ್ಪೆಲ್ಲ ಭಾಗ್ಯಳ ತಲೆಗೆ ಬಂತು. ಆದರೆ ಅಲ್ಲಿಗೆ ಹೋಗುವ ಮುಂಚೆ ನಾನು ಎಂಥ ಕೆಲಸಗಾರ್ತಿ ಎಂಬುದು ಗೊತ್ತಿರಬೇಕು.

ನಾನು ಕೆಲಸಕ್ಕೆ ಸೇರಿದವಳೇ ಅಲ್ಲ. ಯಾವ ಅರ್ಜಿಯಲ್ಲಾದರೂ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದೇ ಬರೆದಿದ್ದೇನೆ. ನಮ್ಮ ಯಜಮಾನರು, “ನಾನು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡ್ಕೊಂಡು ಬರೋವಷ್ಟು ಹೊತ್ತು ಅಂಗಡೀಲಿ ಕೂತಿರು” ಎಂದರು. ಕೂತೆ. ಅವರ ಊಟ ಮುಗಿಯಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಮಾತ್ರೆ, ಟಾನಿಕ್ಕು, ಬಿಲ್ಲು ಬಲಗಡೆ ಕೌಂಟರು, ಅದು ಅವರದು. ಲೈಸೆನ್ಸು ಅವರ ಹೆಸರಿನಲ್ಲಿತ್ತು, ನಾನು ಒಂದು ಮಾತ್ರೆಯನ್ನೂ ಮುಟ್ಟುವಂತಿರಲಿಲ್ಲ. ಸೋಪು, ಪೌಡರು, ಡೈಪರು, ಹಾಲಿನ ಬಾಟಲಿ ಎಡಗಡೆ, ಅದು ನನ್ನದು. ಅವರ ಕೌಂಟರಿನ ಮೂಲೆಯಲ್ಲಿ ಒಂದು ರಬ್ಬರ್ ಸ್ಟ್ಯಾಂಪು, ಅರ್ಧ ಉರಿದ ಮೇಣದಬತ್ತಿ, ಒಂದು ಬಾಟಲಿಯ ಬಿರಡೆಗೆ ಚುಚ್ಚಿಟ್ಟ ದಪ್ಪ ಸೂಜಿ ಇರುತ್ತಿದ್ದವು. ಮೇಣದಬತ್ತಿ ಕರೆಂಟು ಹೋದಾಗ ಬೇಕಾಗುತ್ತದೆ ಎಂದುಕೊಂಡಿದ್ದೆ. ಇನ್ವರ್ಟರ್ ಬಂದ ಮೇಲೂ ಅದು ಅಲ್ಲೇ ಇತ್ತು. ಸಣ್ಣ ಸಣ್ಣ ವಿಷಯ ಗಮನಿಸುತ್ತೀಯ ಎಂದು ನನ್ನನ್ನು ಎಲ್ಲರೂ ಹೊಗಳುತ್ತಾರೆ.

ನನ್ನ ಬಂಡವಾಳ ಎಂದರೆ ಕಾನ್ವೆಂಟಿನ ಇಂಗ್ಲಿಷು. ಕೋಲಾರದಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಮೊದಲು ಪೂರ್ತಿ ಓದು, ಆಮೇಲೆ ಕತ್ತರಿ ತೆಗೆದುಕೋ ಎನ್ನುತ್ತಿದ್ದರು. ಹಾಗಾಗಿ ಬಾಟಲಿಯ ಡಬ್ಬದ ಮೇಲಿರುವುದನ್ನೆಲ್ಲ ಓದುತ್ತಿದ್ದೆ. ತಾಯಿಯ ಹಾಲೇ ಶ್ರೇಷ್ಠ ಎಂದು ಅದರಲ್ಲಿರುವುದನ್ನೂ ಓದಿ ಹೇಳುತ್ತಿದ್ದೆ. ಅಂಗಡಿ ನಡೆಸುವವಳು ತನ್ನ ಮಾಲನ್ನೇ ಬೇಡ ಎನ್ನುತ್ತಾಳಲ್ಲ ಎಂದು ಕೆಲವರಿಗೆ ಅನುಮಾನ ಬಂದು ಎರಡು ಕೊಳ್ಳುತ್ತಿದ್ದರು.

ಮೊದಲ ಎಡವಟ್ಟು ಒಬ್ಬ ಮೇಷ್ಟ್ರ ಮನೆಯದು. ಗಾಳಿ ಹಾಲಿನೊಳಗೆ ಬೆರೆಯದಂತೆ ಒಳಗೆ ಒಂದು ಕೊಳವೆ ಇರುವ ಬಾಟಲಿ ಆಗಷ್ಟೇ ಬಂದಿತ್ತು. ಅವರ ಮಗುವಿಗೆ ಗ್ಯಾಸು. ಎಲ್ಲವನ್ನೂ ಓದಿ ಹೇಳಿ, ಕೊನೆಗೆ “ಒಳಗಿರೋ ಪ್ಯಾಕಿಂಗ್ ಎಲ್ಲ ತೆಗೆದು, ಕುದಿಸಿ ಉಪಯೋಗಿಸಿ” ಎಂದೆ. ಒಂದು ವಾರಕ್ಕೆ ಮೇಷ್ಟ್ರು ವಾಪಸ್ ಬಂದರು.

“ಮೇಡಂ, ಗ್ಯಾಸ್ ಹಂಗೇ ಇದೆ. ಜೊತೆಗೆ ಈಗ ಬಾಟ್ಲು ಸೋರ್ತಾನೂ ಇದೆ.”

“ಒಳಗಿನ ಕೊಳವೆ ಸರಿಯಾಗಿ ಕೂರಿಸಿದ್ರಾ ಸರ್?”

“ಯಾವ ಕೊಳವೆ?”

“ಬಿಳೀದು. ಉದ್ದಕ್ಕಿತ್ತಲ್ಲ.”

ಮೇಷ್ಟ್ರು ಬಾಟಲಿಯನ್ನು ಕೌಂಟರಿನ ಮೇಲಿಟ್ಟರು. “ಪ್ಯಾಕಿಂಗ್ ಎಲ್ಲ ತೆಗೆದುಬಿಡಿ ಅಂದಿದ್ರಿ” ಎಂದರು.

ಅಂದಿನಿಂದ ಬಾಟಲಿಯನ್ನು ಕೌಂಟರಿನ ಮೇಲೆ ಪೂರ್ತಿ ಬಿಚ್ಚಿ, ಭಾಗಗಳನ್ನು ಸಾಲಾಗಿಟ್ಟು, ತಾಯಿಯ ಕೈಯಲ್ಲೇ ಮತ್ತೆ ಜೋಡಣೆ ಮಾಡಿಸುತ್ತಿದ್ದೆ. ಜೋಡಿಸಲು ಬೇಸರ ಪಡುವವರಿಗೆ ಐದಾರು ಭಾಗದ ಬಾಟಲಿ ಕೊಡುತ್ತಿರಲಿಲ್ಲ. ಅದರ ಸಂದುಗಳಲ್ಲಿ ಹಾಲು ಉಳಿದು ಹುಳಿ ಬರುತ್ತದೆ. ಗ್ಯಾಸಿಗೆ ತಂದದ್ದು ಭೇದಿಗೆ ದಾರಿಯಾಗುತ್ತದೆ. ತೊಳೆಯಲು ಸುಲಭವಾದದ್ದೇ ಒಳ್ಳೆಯ ಬಾಟಲಿ ಎಂದು ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ಮಾಲೂರಿನಿಂದ ಒಬ್ಬರು ಬರುತ್ತಿದ್ದರು. ಅಲ್ಲಿ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿಯ ತವರು ನಮ್ಮ ಊರು. ಮಗು ಹಾಲು ಕುಡಿದ ಮೇಲೆ ಕಾಲು ಮಡಚಿಕೊಂಡು ಅಳುತ್ತದೆ ಎಂದು ಮೂರು ತರದ ಬಾಟಲಿ ಬದಲಾಯಿಸಿದ್ದರು. ಅತ್ತೆಯವರು ಹೊಕ್ಕುಳ ಸುತ್ತ ಇಂಗು ಹಚ್ಚಿಯಾಗಿತ್ತು. ನಾನು ನಾಲ್ಕನೆಯದನ್ನು ತೆಗೆಯಲು ಹೊರಟಾಗ ಏಕೋ, “ಹಾಲು ಹೇಗೆ ಕಲಸ್ತೀರಿ, ತೋರಿಸಿ” ಎಂದೆ. ಮನುಷ್ಯ ಖಾಲಿ ಬಾಟಲಿ ತೆಗೆದುಕೊಂಡು, ಎರಡು ಕೈಯಲ್ಲಿ ಹಿಡಿದು, ಹುಣಸೆ ಕೊಂಬೆ ಅಲುಗಾಡಿಸುವವರ ಹಾಗೆ ಕುಲುಕಿದರು. ಭುಜದವರೆಗೆ ಅಲುಗಿತು. ಪಕ್ಕದಲ್ಲಿದ್ದ ಅವರ ಭಾವಮೈದುನ, “ಭಾವ, ಅದು ಹಾಲು ಕಣೋ, ಗೋಲಿ ಸೋಡಾ ಅಲ್ಲ” ಎಂದ.

ಕುಲುಕಿದ ಹಾಲಿನ ತುಂಬ ನೊರೆ; ನೊರೆ ಎಂದರೆ ಗಾಳಿ. ಸ್ವಚ್ಛವಾದ ಚಮಚದಲ್ಲಿ ನಿಧಾನವಾಗಿ ತಿರುವಿ, ನೊರೆ ಕೂರುವವರೆಗೆ ಬಿಟ್ಟು ಕೊಡಿ ಎಂದೆ. ನಾಲ್ಕನೇ ಬಾಟಲಿ ಮಾರಾಟವಾಗಲಿಲ್ಲ. ಯಜಮಾನರು ಬಲಗಡೆಯಿಂದ ನನ್ನನ್ನು ನೋಡಿದರು. ಸ್ಟ್ಯಾಂಪನ್ನು ಇತ್ತಿಂದ ಅತ್ತ ಇಟ್ಟರು.

ಇದನ್ನು ನಾನು ಕೋಲಾರದ ಮಕ್ಕಳ ಡಾಕ್ಟರಮ್ಮನವರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, “ನಾಲ್ಕನೇದಕ್ಕೆ ತೋರಿಸಿ ಅಂದ್ರಾ? ಮೊದಲನೇದಕ್ಕೇ ಅನ್ಬಾರ್ದಾಗಿತ್ತಾ?” ಎಂದು ಇಟ್ಟುಬಿಟ್ಟರು. ಇದಕ್ಕಿಂತ ಚೆನ್ನಾದ ತರಬೇತಿ ನನಗೆ ಯಾರೂ ಕೊಟ್ಟಿಲ್ಲ. ಬೇಸರವೆಂದರೆ, ಭಾಗ್ಯ ಬಂದಾಗ ಅದನ್ನೇ ಮರೆತಿದ್ದೆ.

ಭಾಗ್ಯ ಆವನಿ ಕಡೆಯ ಹಳ್ಳಿಯ ಸೊಸೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆ. ಹೆರಿಗೆಯಾದ ಹೊಸದರಲ್ಲೇ ಕಾಮಾಲೆಯಾಗಿ ಅವಳು ಒಂದು ತಿಂಗಳ ಹತ್ತಿರ ಆಸ್ಪತ್ರೆಯಲ್ಲಿದ್ದಳು. ಎದೆಹಾಲು ನಿಂತುಹೋಗಿ, ಡಾಕ್ಟರಮ್ಮನವರೇ ಡಬ್ಬಿ ಹಾಲು ಬರೆದುಕೊಟ್ಟಿದ್ದರು. ಮಗು ಹೆಣ್ಣು, ಎರಡು ತಿಂಗಳು. ಕುಡಿದ ಹಾಲು ಮೂಗಿನಲ್ಲೂ ಬರುತ್ತಿತ್ತು, ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತಿತ್ತು. ಅಂಗಡಿಗೆ ಬಂದಾಗ ಮಗು ಅತ್ತೆ ಮುನಿಯಮ್ಮನ ಕೈಯಲ್ಲಿ, ಚೀಲ ಭಾಗ್ಯಳ ಕೈಯಲ್ಲಿ. ಮಾತೆಲ್ಲ ಮುನಿಯಮ್ಮನದೇ.

“ಇವ್ಳ ಕೈಗುಣ ಸರಿಯಿಲ್ಲ ಅಮ್ಮಣ್ಣಿ. ಇವ್ಳು ಬಂದ್ ವರ್ಸ ಹುಳಾನೂ ಕೈ ಕೊಡ್ತು. ಈಗ ಕೂಸು.”

ಭಾಗ್ಯ ಚೀಲದ ಹಿಡಿಕೆಯ ದಾರ ಬಿಡಿಸುತ್ತ ನಿಂತಿದ್ದಳು.

ಮೊದಲ ಸಲ ಕತ್ತು ಬಾಗಿದ ಬಾಟಲಿ ಕೊಟ್ಟೆ. ಎರಡನೇ ಸಲ ಗಾಳಿ ಹೊರಗೇ ಉಳಿಯುವ, ತಳದಲ್ಲಿ ವಾಲ್ವ್ ಇರುವುದನ್ನು ಕೊಟ್ಟೆ. ಮೂರನೇ ಸಲ ಡಾಕ್ಟರಮ್ಮನವರೇ ಚೀಟಿ ಬರೆದು ಕಳಿಸಿದ್ದರು: ಹಾಲು ತೀರ ನಿಧಾನವಾಗಿ ಬರುವ ನಿಪ್ಪಲ್. ಅದನ್ನು ಹುಡುಕಿ ತರಿಸಿದೆ. ಪ್ರತಿ ಸಲವೂ ಬಿಚ್ಚಿ, ಅವಳ ಕೈಯಲ್ಲೇ ಜೋಡಣೆ ಮಾಡಿಸಿ, ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದು, ಬಿಲ್ಲಿಗೆ ಬಲಗಡೆ ಕಳಿಸಿ, ಅನ್ನಕ್ಕಿಡಲು ಮನೆಗೆ ಹೋಗುತ್ತಿದ್ದೆ.

ತಾಯಿ ಕಾರ್ಡಿನಲ್ಲಿ ಅಂಗನವಾಡಿಯವರು ಹಾಕುವ ತೂಕದ ಚುಕ್ಕೆ ಹಸಿರು ಪಟ್ಟಿಯಿಂದ ಕೆಳಗಿಳಿದು ಹಳದಿಗೆ ಬಂದಿತ್ತು. ಮುಂದಿನ ಸಲ ಏರದಿದ್ದರೆ ಕೋಲಾರದಲ್ಲಿ ಅಡ್ಮಿಟ್ ಮಾಡಿ ಒಳಗಿನ ಪರೀಕ್ಷೆ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಮುನಿಯಮ್ಮ ಅದಕ್ಕೂ ಮುಂಚೆ ತೀರ್ಮಾನ ಮಾಡಿಯಾಗಿತ್ತು: ಭಾಗ್ಯಳನ್ನು ಶ್ರೀನಿವಾಸಪುರದ ತವರಿಗೆ ಕಳಿಸುವುದು, ಮಗುವನ್ನು ತಾನು ಇಟ್ಟುಕೊಳ್ಳುವುದು.

ಅಡ್ಮಿಟ್ ಎಂದ ವಾರದಲ್ಲಿ ಭಾಗ್ಯ ಒಬ್ಬಳೇ ಬಂದಳು. ಮಗುವನ್ನು ಎತ್ತಿಕೊಂಡಿದ್ದಳು, ಚೀಲದಲ್ಲಿ ಮೂರೂ ಬಾಟಲಿ.

“ಆಂಟಿ, ನಾನೇ ಏನೋ ತಪ್ಪು ಮಾಡ್ತಿದ್ದೀನಿ. ಕುಡಿಸ್ತೀನಿ, ನೀವು ನೋಡಿ ಹೇಳಿ. ಬೈದ್ರೂ ಪರವಾಗಿಲ್ಲ.”

ಕೌಂಟರಿನ ಒಳಗೆ ಸ್ಟೂಲು ಹಾಕಿ ಕೂರಿಸಿದೆ. ಅವಳ ಕೈ ನೋಡಿದೆ. ಹಾಲನ್ನು ಕುಲುಕಲಿಲ್ಲ, ತಿರುವಿದಳು. ಮಗುವಿನ ತಲೆ ಎತ್ತರದಲ್ಲಿತ್ತು. ನಿಪ್ಪಲಿನ ತುದಿಯಲ್ಲಿ ಗಾಳಿಯಿಲ್ಲದಂತೆ ಬಾಟಲಿಯನ್ನು ಓರೆ ಮಾಡಿದ್ದಳು. ನಾನು ಬರೆದುಕೊಟ್ಟದ್ದನ್ನೆಲ್ಲ ಪರೀಕ್ಷೆಗೆ ಓದಿದ ಹಾಗೆ ಮಾಡುತ್ತಿದ್ದಳು. ತಪ್ಪು ಒಂದೂ ಇರಲಿಲ್ಲ.

ಆಮೇಲೆ ಮಗುವನ್ನು ನೋಡಿದೆ. ಬಾಟಲಿ ಬಾಯಿಗಿಟ್ಟ ತಕ್ಷಣ ಅದು ಕಣ್ಣು ಅಗಲ ಮಾಡಿತು. ಹತ್ತೂ ಬೆರಳು ಬಿಚ್ಚಿಕೊಂಡವು. ಗುಟುಕ್ ಗುಟುಕ್ ಎಂದು ನಾಲ್ಕು ಸಲ ನುಂಗಿ, ಉಸಿರಿಗೆ ಮುಖ ತಿರುಗಿಸಿತು. ಕಟವಾಯಿಯಲ್ಲಿ ಹಾಲು ಹರಿದು ಕಿವಿಗೆ ಹೋಯಿತು. ಇದು ಹೊಟ್ಟೆ ತುಂಬಿ ಮುಖ ತಿರುಗಿಸುವ ಮಗುವಿನ ಹಾಗಿರಲಿಲ್ಲ. ಮೇಲಿಂದ ಕೊಡ ಬಗ್ಗಿಸಿ ನೀರು ಸುರಿದರೆ ಬೊಗಸೆಯೊಡ್ಡಿದವರು ಹಿಂದೆ ಸರಿಯುತ್ತಾರಲ್ಲ, ಹಾಗಿತ್ತು.

ಬಾಟಲಿ ತೆಗೆದುಕೊಂಡು ತಲೆಕೆಳಗು ಹಿಡಿದೆ. ಒಂದೊಂದೇ ಹನಿ ಬೀಳಬೇಕು. ಹಾಲು ದಾರದ ಹಾಗೆ ಇಳಿಯಿತು. ನಿಪ್ಪಲನ್ನು ಬೆಳಕಿಗೆ ಹಿಡಿದೆ. ತೂತಿನ ಸುತ್ತ ಕಂದು ಬಣ್ಣದ ಸಣ್ಣ ಅಂಚು, ಕರಗಿ ಗಟ್ಟಿಯಾದದ್ದು. ಉಳಿದೆರಡನ್ನೂ ತೆಗೆದು ನೋಡಿದೆ. ಅವಕ್ಕೂ ಅದೇ ಅಂಚು.

“ಅತ್ತೆ ಸೂಜಿ ಕಾಯಿಸಿ ಚುಚ್ಚಿದ್ರಾ ಭಾಗ್ಯ?”

“ಇಲ್ಲ ಆಂಟಿ. ಮನೇಲಿ ಯಾರೂ ಮುಟ್ಟಿಲ್ಲ. ಇಲ್ಲಿಂದ ತಗೊಂಡೋದಂಗೇ ಐತೆ.”

ಇಲ್ಲಿಂದ. ನಾನು ತಲೆಯೆತ್ತಿ ಬಲಗಡೆ ಕೌಂಟರು ನೋಡಿದೆ. ರಬ್ಬರ್ ಸ್ಟ್ಯಾಂಪು, ಮೇಣದಬತ್ತಿ, ಬಿರಡೆಯಲ್ಲಿ ಸೂಜಿ.

ನಮ್ಮ ಯಜಮಾನರು ಮುಚ್ಚಿಡುವವರಲ್ಲ. ಅವರಿಗೆ ಮುಚ್ಚಿಡುವಂಥದ್ದು ಏನೋ ಇದೆ ಎಂದೇ ಅನ್ನಿಸಿರಲಿಲ್ಲ.

“ಆ ಯಮ್ಮ ಕೇಳಿದ್ರು. ತೂತು ಸಣ್ಣದು, ಕೂಸು ಕಷ್ಟಪಡ್ತದೆ, ಸ್ವಲ್ಪ ದೊಡ್ದು ಮಾಡ್ಕೊಡಪ್ಪ ಅಂದ್ರು. ಮಾಡ್ಕೊಟ್ಟೆ. ನಮ್ಮಪ್ಪನ ಕಾಲದಲ್ಲಿ ರಬ್ಬರ್ ನಿಪ್ಪಲ್‌ಗೆ ತೂತೇ ಸರಿಯಾಗಿ ಇರ್ತಿರ್ಲಿಲ್ಲ ಕಣೇ. ಆಗಿಂದ ಮಾಡ್ಕೊಡ್ತಿದ್ದೀವಿ. ಫ್ರೀಯಾಗಿ.”

“ಎಷ್ಟು ಜನಕ್ಕೆ?”

“ಕೇಳಿದೋರಿಗೆಲ್ಲ.”

ಅವರ ಮುಖದಲ್ಲಿ ಸೇವೆ ಮಾಡಿದವರ ಸಂಕೋಚವಿತ್ತು. ನಾನು ಅಷ್ಟು ವರ್ಷ ಓದಿ, ತೂಗಿ, ಆರಿಸಿಕೊಟ್ಟ ಬಾಟಲಿಗಳಲ್ಲಿ ಎಷ್ಟು ಆ ಮೇಣದಬತ್ತಿಯನ್ನು ದಾಟಿ ಹೋದವೋ ಎಂದು ಲೆಕ್ಕ ಹಾಕಲು ಶುರುಮಾಡಿ, ಬಿಟ್ಟೆ.

ಹೊಸ ನಿಪ್ಪಲ್ ಕುದಿಸಿ ಹಾಕಿ, ಹನಿ ನೋಡಿ, ಭಾಗ್ಯಳ ಕೈಗೆ ಕೊಟ್ಟೆ. ಮಗು ಚೀಪಿತು, ನಿಲ್ಲಿಸಿತು, ಉಸಿರಾಡಿತು, ಮತ್ತೆ ಚೀಪಿತು. ಬಹಳ ಹೊತ್ತು ತೆಗೆದುಕೊಂಡಿತು. ನಡುವೆ ಎರಡು ಸಲ ಭುಜಕ್ಕೆ ಹಾಕಿಕೊಂಡು ತೇಗು ತರಿಸಿದಳು. ಕುಡಿದಾದ ಮೇಲೂ ಸ್ವಲ್ಪ ಕಕ್ಕಿತು, ಒಂದು ಚಮಚದಷ್ಟು. ಅಷ್ಟು ಎಲ್ಲ ಮಕ್ಕಳೂ ಕಕ್ಕುತ್ತವೆ. ಬೆರಳುಗಳು ಮುಷ್ಟಿಯಾಗಿದ್ದವು. ನಿಪ್ಪಲನ್ನು ಬಿಲ್ಲಿಗೆ ಕಳಿಸದೆ ನೇರವಾಗಿ ಅವಳ ಚೀಲಕ್ಕೆ ಹಾಕಿದೆ.

ಮಗುವನ್ನು ತೋರಿಸಿಕೊಂಡು ಬಾ ಎಂದು ಅವಳನ್ನು ಡಾಕ್ಟರಮ್ಮನವರ ಹತ್ತಿರ ಕಳಿಸಿದ ಮೇಲೆ ಯಜಮಾನರು, “ಹೊಸದು ಕೊಟ್ಟಾಯ್ತಲ್ಲ, ಮಗು ಸರಿಹೋಗುತ್ತೆ. ಹಳೇದನ್ನ ಯಾಕೆ ಕೆದಕೋದು? ಅಂಗಡಿ ಮರ್ಯಾದೆ ಏನಾಗುತ್ತೆ?” ಎಂದರು. ಇದನ್ನು ಮುನಿಯಮ್ಮನಿಗೆ, ಯಾರಿಗೂ ನೋವಾಗದ ಹಾಗೆ, ಹೇಳುವ ಮಾತು ಯಾವುದು ಎಂದು ಹುಡುಕುತ್ತಿದ್ದೆ. ಹುಡುಕುವುದರಲ್ಲಿ ಎಂಟು ದಿನ ಕಳೆಯಿತು. ಮೃದುವಾಗಿ ಮಾತಾಡಲು ಕಲಿತವರ ತೊಂದರೆ ಇದು. ಒಳ್ಳೆಯ ಮಾತು ಸಿಗುವವರೆಗೆ ಸುಮ್ಮನಿರುತ್ತೇವೆ, ಅಷ್ಟರಲ್ಲಿ ಇನ್ನೊಬ್ಬರು ಬೈಸಿಕೊಳ್ಳುತ್ತಿರುತ್ತಾರೆ.

ಎಂಟನೇ ದಿನ ಮುನಿಯಮ್ಮ ಡೈಪರಿಗೆ ಬಂದರು.

“ಕೂಸು ಹೆಂಗಿದೆ ಮುನಿಯಮ್ಮ?”

“ಸುಮಾರಾಗೈತೆ. ಕಕ್ಕೋದು ಕಮ್ಮಿ ಆಯ್ತು. ಬಾಟ್ಲು ಹಿಡಿಯೋದ್ ಕಲಿಯಾಕೆ ನಮ್ ಮಹಾರಾಣಿಗೆ ಇಷ್ಟ್ ದಿನ ಬೇಕಾಯ್ತು, ನೋಡು! ಆದ್ರೂ ನಂಬ್ಕೆ ಇಲ್ಲಮ್ಮಣ್ಣಿ. ಸೋಮಾರ ಅವಳಣ್ಣ ಬತ್ತಾನೆ, ಕಳಿಸ್ಬುಡ್ತೀನಿ. ಕೂಸು ನಂತಾವ ಇರ್ಲಿ.”

ಅಂದು ಗುರುವಾರ.

ಸುತ್ತಿ ಬಳಸಿ ಶುರುಮಾಡಿದೆ. “ಮುನಿಯಮ್ಮ, ಚಾಕಿ ಹುಳಕ್ಕೆ, ಆಗ ತಾನೇ ಮೊಟ್ಟೆಯಿಂದ ಬಂದ ಮರಿಗೆ, ಸೊಪ್ಪು ಹೆಂಗೆ ಹಾಕ್ತೀರಿ? ರೆಂಬೆ ರೆಂಬೆನೇ ಹಾಕ್ತೀರಾ?”

“ರೆಂಬೆ ಹಾಕಿದ್ರೆ ಸತ್ತೋಯ್ತವೆ. ಎಳೇ ಸೊಪ್ಪು ಸಣ್ಣಗೆ ಕತ್ತರಿಸಿ ಉದುರಿಸ್ಬೇಕು.”

“ಹಾಗೇ ಅಲ್ವಾ, ಮಗೂಗೂ ಹಾಲು ಸ್ವಲ್ಪ ಸ್ವಲ್ಪ…”

“ಹುಳ ಅಳ್ತದಾ ಅಮ್ಮಣ್ಣಿ?” ಎಂದರು ಮುನಿಯಮ್ಮ. “ಕೂಸು ಅಳ್ತದೆ. ಅಳೋದ್ಕೂ ಅಳ್ದಿರೋದ್ಕೂ ಒಂದೇ ಲೆಕ್ಕಾನಾ?”

ಎಂಟು ದಿನ ಹುಡುಕಿ ತಂದ ಮಾತು ಅಲ್ಲಿಗೆ ಮುಗಿಯಿತು. ಹಳೆಯ ನಿಪ್ಪಲೊಂದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಎರಡು ಬಾಟಲಿಗೆ ನೀರು ತುಂಬಿ, ಒಂದಕ್ಕೆ ಅದನ್ನು, ಇನ್ನೊಂದಕ್ಕೆ ಹೊಸದನ್ನು ಹಾಕಿ, ಎರಡನ್ನೂ ಅವರ ಮುಂದೆ ತಲೆಕೆಳಗು ಹಿಡಿದೆ. ಒಂದರಿಂದ ಧಾರೆ, ಒಂದರಿಂದ ಹನಿ. ಕೌಂಟರೆಲ್ಲ ಒದ್ದೆಯಾಯಿತು.

“ಈ ಧಾರೆಯಿಂದ ನಿಮ್ಮ ಕೂಸು ಇಷ್ಟು ದಿನ ಕುಡೀತಿದ್ದದ್ದು. ಉಸಿರಾಡೋಕೆ ಬಿಡದೆ ಹಾಲು, ಅದರ ಜೊತೆ ಗಾಳಿ. ಭಾಗ್ಯನ ಕೈ ಸರಿಯಾಗೇ ಇತ್ತು, ನಾನು ಕಣ್ಣಾರೆ ನೋಡಿದ್ದೀನಿ. ತಪ್ಪು ನಮ್ಮ ಅಂಗಡೀದು. ತೂತು ದೊಡ್ದು ಮಾಡಿ ಅಂತ ನೀವು ಕೇಳಿದ್ರಿ, ಇವರು ಮಾಡಿಕೊಟ್ರು, ನಾನು ನೋಡ್ಲಿಲ್ಲ.”

ಯಜಮಾನರು ಸ್ಟ್ಯಾಂಪು ಕೈಗೆತ್ತಿಕೊಂಡರು.

ಮುನಿಯಮ್ಮ ಧಾರೆ ನಿಲ್ಲುವವರೆಗೆ ನೋಡಿದರು. ಆಮೇಲೆ ಬಲಗಡೆ ತಿರುಗಿದರು.

“ಏನಪ್ಪಾ, ನಾನು ಹಳ್ಳೀ ಮುದುಕಿ, ನೂರ್ ಕೇಳ್ತೀನಿ. ನೀನು ಓದಿದೋನು, ಗ್ವಾಡೆ ಮೇಲೆ ಸರ್ಟಿಪಿಕೇಟ್ ನೇತಾಕಿದ್ದೀಯ. ಕೇಳ್ದೆ ಅಂತ ಮಾಡ್ಕೊಡದಾ?”

ಯಜಮಾನರು ಸ್ಟ್ಯಾಂಪನ್ನು ಕೆಳಗಿಟ್ಟರು. ಅಪ್ಪನ ಕಾಲದ ವಿಷಯ ತೆಗೆಯಬಹುದಿತ್ತು, ತೆಗೆಯಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

“ಆ ಸೂಜಿ ಇತ್ತ ಕೊಡು” ಎಂದರು ಮುನಿಯಮ್ಮ. ಕೊಟ್ಟರು. ಬಿರಡೆಯ ಸಮೇತ ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಗೋಣಿಚೀಲ ಹೊಲಿಯಾಕಾಯ್ತದೆ” ಎಂದು ಹೇಳಿ ಹೊರಟುಹೋದರು. ಡೈಪರು ಕೌಂಟರಿನ ಮೇಲೇ ಉಳಿಯಿತು.

ಮನೆಯಲ್ಲಿ ಅವರು ಏನು ಹೇಳಿದರೋ ಗೊತ್ತಿಲ್ಲ. ಕ್ಷಮೆ ಕೇಳಿರಲಾರರು. ಸೋಮವಾರ ಕಳೆಯಿತು. ಮುಂದಿನ ವಾರ ಇಬ್ಬರೂ ಡೈಪರಿಗೆ ಬಂದಾಗ ಮಗು ಭಾಗ್ಯಳ ಕೈಯಲ್ಲಿತ್ತು, ಚೀಲ ಮುನಿಯಮ್ಮನ ಕೈಯಲ್ಲಿ. ತಾಯಿ ಕಾರ್ಡು ತೆಗೆದು ತೋರಿಸಿದವಳು ಭಾಗ್ಯ. ಚುಕ್ಕೆ ಹಳದಿಯಲ್ಲೇ ಇತ್ತು, ಆದರೆ ಹಿಂದಿನದಕ್ಕಿಂತ ಮೇಲೆ. ಅದಾದ ಮುಂದಿನದು ಹಸಿರಿನೊಳಗೆ ಬಂತು. ಅಡ್ಮಿಟ್ ಮಾಡುವ ಮಾತು ನಿಂತಿತು.

ಸುಮಾ, ನಿನ್ನ ಕಾಲದ ತಾಯಂದಿರು ಫೋನ್ ಹಿಡಿದು ಬರುತ್ತಾರೆ. ಇದಕ್ಕೆ ನಾಲ್ಕೂವರೆ ಸ್ಟಾರು, ಅದಕ್ಕೆ ನಾಲ್ಕು, ಇದೇ ಕೊಡಿ ಎನ್ನುತ್ತಾರೆ. ಕೊಡು. ಬೇಡ ಎನ್ನಬೇಡ. ಆದರೆ ಮಗು ಕುಡಿಯುವುದನ್ನು ಒಮ್ಮೆ ನೋಡದೆ ಎರಡನೇ ಬಾಟಲಿ ಮಾರಬೇಡ. ಇಷ್ಟು ತಿಂಗಳಿಗೆ ಇಷ್ಟು ದೊಡ್ಡ ತೂತು ಎಂಬ ಡಬ್ಬದ ಮೇಲಿನ ಲೆಕ್ಕವನ್ನೇ ನಂಬಿ ನಿಪ್ಪಲ್ ಬದಲಾಯಿಸಲು ಹೇಳಬೇಡ. ಡಬ್ಬಕ್ಕೆ ಆ ಮಗುವಿನ ಪರಿಚಯವಿಲ್ಲ. ಕುಡಿದ ಮೇಲೆ ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿರಲು ಹೇಳು. ಹಸಿರಾಗಿ ಕಕ್ಕಿದರೆ, ರಕ್ತ ಕಂಡರೆ, ಚಿಮ್ಮಿದ ಹಾಗೆ ಕಕ್ಕಿದರೆ, ತೂಕ ಏರದಿದ್ದರೆ ಬಾಟಲಿಯ ಮಾತೇ ಆಡಬೇಡ, ನೇರ ಡಾಕ್ಟರ ಹತ್ತಿರ ಕಳಿಸು. ನಿನ್ನ ಕೌಂಟರಿನಿಂದ ಹೊರಟದ್ದು ಬಾಗಿಲು ದಾಟುವವರೆಗೂ ನಿನ್ನದೇ ಎಂದು ತಿಳಿದುಕೋ. ನಡುವೆ ಇನ್ನೊಂದು ಕೌಂಟರು ಇರುತ್ತದೆ.

ಹನಿ ನೋಡಲೆಂದು ಒಂದು ಮಾದರಿ ಬಾಟಲಿ ಅಂಗಡಿಯಲ್ಲಿ ಈಗಲೂ ಇದೆ. ನಾನು ಕೌಂಟರು ಬಿಡುವ ಹಿಂದಿನ ವಾರ ಮುನಿಯಮ್ಮ ಬಂದಿದ್ದರು. ಭಾಗ್ಯಳಿಗೆ ಎರಡನೆಯದು, ಗಂಡು. ಬಂದವರೇ ಆ ಬಾಟಲಿಗೆ ನೀರು ಹಾಕಿಸಿಕೊಂಡು, ಬಲಗಡೆ ಹೋಗಿ, ಯಜಮಾನರ ಮೂಗಿನ ಮುಂದೆ ತಲೆಕೆಳಗು ಹಿಡಿದರು.

“ಒಕಟಿ… ರೆಂಡು… ಮೂಡು…”

ತೆಲುಗಿನಲ್ಲಿ ಹತ್ತರವರೆಗೆ ಎಣಿಸಿದರು. ಯಜಮಾನರು ಕನ್ನಡಕ ಏರಿಸಿಕೊಂಡು ತಾವೂ ಎಣಿಸಿದರು. ಎಣಿಸಿಯಾದ ಮೇಲೆ ಮುನಿಯಮ್ಮ ಬಾಟಲಿಯನ್ನು ಒರೆಸಿ ನನ್ನ ಕೌಂಟರಿನ ಮೇಲಿಟ್ಟು ಹೊರಟರು.

“ಹೊಸದು ಒಂದು ಕೊಡ್ಲಾ ಮುನಿಯಮ್ಮ?”

“ಯಾಕ್ ಅಮ್ಮಣ್ಣಿ? ಈ ಸಲ ತಾಯಿ ಹಾಲೇ ಬೇಕಾದಂಗೈತೆ” ಎಂದರು. “ನೀವು ಸರಿಹೋದ್ರೋ ಇಲ್ವೋ, ನೋಡ್ಕೊಂಡ್ ಹೋಗಾನ ಅಂತ ಬಂದೆ.”